ನಳದ ಸಪ್ಪಳ

ಶಹಾಬಾದಿನಲ್ಲಿ ನಾನು ಆ ಮನೆ ಹಿಡಿದದ್ದೇ ಅಲ್ಲಿ ಸದ್ದಿಲ್ಲ ಎನ್ನುವ ಕಾರಣಕ್ಕೆ. ಊರಿನ ಆ ಕಡೆಯೆಲ್ಲ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಯಂತ್ರಗಳು. ಈ ಕಡೆ ಹಳೆಯ ಸಿಮೆಂಟು ಕಾರ್ಖಾನೆಯ ಪಾಳುಬಿದ್ದ ಗೋಡೆ, ಅದರ ಹಿಂದೊಂದು ಓಣಿ, ಓಣಿಯ ಕೊನೆಗೆ ನನ್ನ ಒಂದು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲೊಂದು ನೀರಿನ ನಳ. ಮನೆ ತೋರಿಸಿದಾಕೆ, "ಇಲ್ಲಿ ಒಂದ್ ನಾಯಿ ಸೈತ ಒದರಂಗಿಲ್ರಿ ಸಿಸ್ಟರ್, ಹಾಯಾಗಿ ಮಲಕೋಬಹುದು" ಎಂದು ಹೆಮ್ಮೆಯಿಂದ ಹೇಳಿದ್ದಳು. ದಿನವಿಡೀ ಶಾಲೆಯಿಂದ ಶಾಲೆಗೆ ಅಲೆದು ತಲೆ ಗಿರ್ರೆನ್ನುತ್ತಿದ್ದ ನನಗೆ ಆಗ ಅದು ಸ್ವರ್ಗ ಎನಿಸಿತ್ತು. ಮಳೆಗಾಲ ಮುಗಿಯುವುದರೊಳಗೆ ಆ ಮೌನ ನನ್ನನ್ನು ತಿನ್ನಲು ಶುರುಮಾಡಿತು. ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು, ಪಾಪ, ಲೋಟದ ಮೇಲೆ.

ನಾನು ನರ್ಸು. ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ ತಂಡದಲ್ಲಿ ನನ್ನ ನೌಕರಿ. ಒಂದು ಜೀಪು, ಒಬ್ಬರು ಡಾಕ್ಟರು, ನಾನು, ತೂಕದ ಯಂತ್ರ. ಅಂಗನವಾಡಿ, ಶಾಲೆ, ಹಾಸ್ಟೆಲು ಎಂದು ಸುತ್ತಿ, ಹುಟ್ಟಿದ ಕೂಸಿನಿಂದ ಹಿಡಿದು ಹದಿನೆಂಟರವರೆಗಿನ ಮಕ್ಕಳ ಕಣ್ಣು, ಹಲ್ಲು, ಎದೆ, ಕಿವಿ ನೋಡುವುದು. ರಕ್ತ ಕಡಿಮೆಯಾದ ಹುಡುಗಿಯರಿಗೆ ಗುಳಿಗೆ ಕೊಟ್ಟು, ಅವರು ನುಂಗುವ ತನಕ ಎದುರಿಗೆ ನಿಲ್ಲುವುದು. ಚಿಂಚೋಳಿಯ ಚಂದ್ರಂಪಳ್ಳಿಯ ಕಡೆ ಹುಟ್ಟಿದವಳು ನಾನು. ಸೇಡಂ, ಚಿತ್ತಾಪುರ, ವಾಡಿ ಎಂದು ವರ್ಗವಾಗುತ್ತಾ ಇಲ್ಲಿಗೆ ಬಂದೆ. ಮದುವೆಯೂ ಆಗಿತ್ತು, ಬೇಗನೇ ಮುಗಿಯಿತು. ಯಾಕೆ ಎಂದು ಕೇಳಿದವರಿಗೆ ನಾನು ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮಕ್ಕಳಿಲ್ಲ. ಸಾವಿರಾರು ಮಕ್ಕಳ ಬಾಯಿ ತೆರೆಸಿ ನಾಲಿಗೆ ನೋಡಿದವಳ ಮನೆಯಲ್ಲಿ ಒಂದು ಮಗುವಿನ ಚಪ್ಪಲಿಯೂ ಇಲ್ಲ ಎಂದು ಚಿಕ್ಕಮ್ಮ ಒಮ್ಮೆ ಅಂದಿದ್ದಳು. ಅವಳ ಮನೆಗೆ ನಾನು ಮತ್ತೆ ಹೋಗಲಿಲ್ಲ.

ಆ ಹುಡುಗಿಯನ್ನು ನಾನು ಮೊದಲು ಕಂಡದ್ದು ಫರಸಿ ಓಣಿಯ ಶಾಲೆಯಲ್ಲಿ. ಏಳನೆಯ ತರಗತಿ, ಎರಡು ಜಡೆ, ಬಿಗಿದ ತುಟಿ. ಕಿವಿ ಪರೀಕ್ಷೆಗೆ ನನ್ನದೊಂದು ಪದ್ಧತಿ ಇದೆ. ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಒಂದು ಮಾತು ಹೇಳುತ್ತೇನೆ, ಅದು ತಿರುಗಿ ಹೇಳಬೇಕು. "ಎಮ್ಮೆ" ಎಂದರೆ "ಎಮ್ಮೆ", "ರೊಟ್ಟಿ" ಎಂದರೆ "ರೊಟ್ಟಿ". ಈ ಹುಡುಗಿಯ ಹಿಂದೆ ನಿಂತು "ರೊಟ್ಟಿ" ಎಂದೆ. ಅವಳು ಎದುರಿಗೆ ಸಾಲಾಗಿ ನಿಂತಿದ್ದ ಗೆಳತಿಯರ ಮುಖ ನೋಡಿದಳು. ಅವರಲ್ಲೊಬ್ಬಳು ಬಾಯಿ ಆಡಿಸಿದಳು. ಇವಳು ಜೋರಾಗಿ, "ರೊಟ್ಟಿ!" ಎಂದಳು. ಗೆಳತಿಯರನ್ನು ಹೊರಗೆ ಕಳಿಸಿ ಮತ್ತೆ ನಿಂತೆ. "ಎಮ್ಮೆ" ಎಂದೆ. "ನಿನ್ನ ಹಿಂದ ಹಾವು ಬಂತು" ಎಂದೆ. ಅವಳು ಕಿಟಕಿ ನೋಡುತ್ತಾ ಸುಮ್ಮನೆ ನಿಂತಿದ್ದಳು.

ಮುಂದೆ ಬಂದು, "ನಿನಗ ಕೇಳ್ತದೇನವಾ?" ಎಂದು ಕೇಳಿದೆ. ನನ್ನ ಬಾಯಿ ಮುಚ್ಚಿದ್ದೇ ತಡ, ನಕ್ಕು ತಲೆಯಾಡಿಸಿದಳು.

ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ಕೇಳಿದವರು ಒಂದು ಕ್ಷಣ ತಡೆದು ತಲೆಯಾಡಿಸುತ್ತಾರೆ. ಕೇಳದವರು ನಿಮ್ಮ ಬಾಯಿ ಮುಚ್ಚುವುದನ್ನೇ ಕಾಯುತ್ತಿದ್ದು ಆಡಿಸುತ್ತಾರೆ, ಮೇಲೊಂದು ನಗು ಸೇರಿಸುತ್ತಾರೆ. ಇನ್ನು ಮುಂದೆ ಏನೂ ಕೇಳಬೇಡಿ, ನನ್ನನ್ನು ಬಿಟ್ಟುಬಿಡಿ ಎನ್ನುವುದೇ ಅದರ ಅರ್ಥ. ಮದುವೆ ಮನೆಗಳಲ್ಲಿ ಯಾರಾದರೂ "ಆರಾಮ ಇದ್ದೀಯಿಲ್ಲ?" ಎಂದರೆ ನಾನೂ ಹಾಗೆಯೇ ಆಡಿಸುತ್ತೇನೆ.

ಕಿವಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದ ಡಾಕ್ಟರು ಮುಖ ಸಿಂಡರಿಸಿದರು. ಎರಡೂ ಕಿವಿ ವರ್ಷಗಟ್ಟಲೆ ಸೋರಿ, ತಮಟೆಗಳು ತೂತಾಗಿದ್ದವು. ಮಾಸ್ತರರು, "ಅಕಿ ಮೊಂಡಿ ಅಂತ ತಿಳದಿದ್ವಿರಿ. ಅಕ್ಷರ ಮುತ್ತಿನಂಗ ಬರೀತಾಳ, ಪ್ರಶ್ನೆ ಕೇಳಿದ್ರ ಮಾತ್ರ ಬಾಯಿ ಬಿಡಂಗಿಲ್ಲ" ಎಂದರು. ಕಿವುಡನ ಮುಂದೆ ಶಂಖ ಊದಿದಂತೆ ಎನ್ನುವ ಗಾದೆಯನ್ನು ಮಾಡಿದವನು ಸಿಕ್ಕರೆ ನಾಲ್ಕು ಮಾತು ಕೇಳಬೇಕು ಎಂದು ನನಗೆ ಬಹಳ ಸಲ ಅನಿಸಿದೆ. ಊದುವವನಿಗೇನು, ಊದಿ ಹೋಗುತ್ತಾನೆ.

ಇಷ್ಟು ವರ್ಷ ಮನೆಯವರಿಗೆ ಗೊತ್ತಾಗಲಿಲ್ಲವೇ ಎಂದು ಕುದಿಯುತ್ತಲೇ ನಾನು ಅವಳ ತಂದೆ ತಾಯಿ ದುಡಿಯುವ ಫರಸಿ ಅಂಗಳಕ್ಕೆ ಹೋದೆ. ಬೈಯಬೇಕೆಂದುಕೊಂಡ ಮಾತುಗಳನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಅಂಗಳದ ಬಾಗಿಲಿಗೆ ಹೋಗುವಷ್ಟರಲ್ಲಿ ಒಂದೂ ಉಪಯೋಗವಿಲ್ಲ ಎಂದು ಗೊತ್ತಾಯಿತು. ಕಟಿಂಗ್ ಯಂತ್ರ ಕಲ್ಲಿಗೆ ಹಲ್ಲು ಕೊಟ್ಟಾಗಿನ ಆ ಕಿರುಚು ಕಿವಿಯಿಂದ ಹೊಕ್ಕು ಬೆನ್ನುಮೂಳೆಗೆ ಇಳಿಯುತ್ತದೆ. ನೀರು, ಬಿಳಿ ರಾಡಿ, ಅದರೊಳಗೆ ಮೊಣಕಾಲತನಕ ಬೆಳ್ಳಗಾಗಿ ನಿಂತ ಜನ. ಅವರಲ್ಲಿ ಒಬ್ಬರೂ ಬಾಯಿ ಬಿಟ್ಟು ಮಾತಾಡುತ್ತಿರಲಿಲ್ಲ. ಎಲ್ಲ ಕೈಯಲ್ಲೇ. ಹೆಬ್ಬೆರಳನ್ನು ತುಟಿಗೆ ತಾಗಿಸಿದರೆ ಚಹಾ. ಮುಷ್ಟಿ ಎತ್ತಿದರೆ ಯಂತ್ರ ನಿಲ್ಲಿಸು. ಪೇರಿಸಿದ ಕಲ್ಲಿನ ಹಿಂದಿನಿಂದ ಒಬ್ಬ ತನ್ನ ನೆತ್ತಿಯನ್ನು ತಟ್ಟಿಕೊಂಡರೆ, ನಾನು ಇಲ್ಲಿದ್ದೇನೆ, ಈ ಕಡೆ ಕಲ್ಲು ಕೆಡವಬೇಡ ಎಂದರ್ಥ. ಅವರು ಇದನ್ನು ಇಶಾರೆ ಎನ್ನುತ್ತಾರೆ. ಅಂಗಳದ ಮೂಲೆಯ ತಗಡಿನ ಮನೆಗಳಲ್ಲೇ ಅವರ ಸಂಸಾರ. ಆದ್ದರಿಂದ ಊಟಕ್ಕೆ ಕರೆಯುವುದೂ, ಬೈಯುವುದೂ, ಮುದ್ದು ಮಾಡುವುದೂ ಇಶಾರೆಯಲ್ಲೇ.

ತಾಯಿ ರಾಡಿಗೈಯನ್ನು ಸೀರೆಗೆ ಒರೆಸಿಕೊಂಡು ಬಂದಳು. ಯಂತ್ರ ನಿಂತಾಗ ಕೇಳಿದೆ, "ನಿಮ್ಮ ಮಗಳಿಗಿ ಕಿವಿ ಕೇಳಂಗಿಲ್ಲ, ನಿಮಗ ಗೊತ್ತೇ ಇಲ್ಲೇನು?"

ಅವಳು ನನ್ನ ಬಾಯಿಯನ್ನೇ ದಿಟ್ಟಿಸಿ ನೋಡಿ ಹೇಳಿದಳು, "ಹಂಗ್ಯಾಕ ಅಂತೀರಿ? ಕರದ್ರ ಬರ್ತಾಳ್ರಿ."

"ಹ್ಯಾಂಗ ಕರೀತೀರಿ?"

ಅವಳು ಕೈ ಎತ್ತಿ ಬೀಸಿ ತೋರಿಸಿದಳು. ದೂರದಲ್ಲಿ ತಂಗಿಯ ತಲೆ ಬಾಚುತ್ತಿದ್ದ ಹುಡುಗಿ ಎದ್ದು ಬಂದಳು. ತಾಯಿ ನನ್ನ ಕಡೆ ನೋಡಿದಳು, ಇದಕ್ಕಿಂತ ಏನು ಬೇಕು ಎನ್ನುವಂತೆ. ಕಿವಿ ಸೋರುತ್ತಿದ್ದದ್ದು ಗೊತ್ತಿತ್ತಂತೆ. "ಕೆಟ್ಟದ್ದು ಹೊರಗ ಹೋಗ್ತದ ಅಂತ ಬಿಟ್ಟೇವ್ರಿ. ಬಳ್ಳೊಳ್ಳಿ ಎಣ್ಣಿ ಬಿಡತಿದ್ದೆ." ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಬೇರೆ ಯಾವ ಊರಿನಲ್ಲಿ ಹುಟ್ಟಿದ್ದರೂ ಈ ಹುಡುಗಿಯ ಕಿವಿಯ ಸುದ್ದಿ ಮೂರು ವರ್ಷ ತುಂಬುವುದರೊಳಗೆ ಹೊರಬೀಳುತ್ತಿತ್ತು. ಇಲ್ಲಿ ಎಲ್ಲರೂ ಕಿವಿ ಬಿಟ್ಟೇ ಬದುಕುತ್ತಿದ್ದರು, ಅವಳು ಎಲ್ಲರಂತೆಯೇ ಇದ್ದಳು.

ಅವಳ ಮುಂದಿನ ದಾರಿಯೂ ಸಿದ್ಧವಾಗಿತ್ತು. ಈ ಶಾಲೆ ಏಳಕ್ಕೆ ಮುಗಿಯುತ್ತದೆ, ಬೇಸಿಗೆ ಕಳೆದರೆ ಅವಳೂ ಕಲ್ಲು ಪೇರಿಸಲು ಅಂಗಳಕ್ಕಿಳಿಯುವುದು. ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಚಿತ್ತಾಪುರದಲ್ಲಿ ಹಾಸ್ಟೆಲ್ ಇರುವ ಒಂದು ಹೈಸ್ಕೂಲು ನನಗೆ ಗೊತ್ತಿತ್ತು. ಸಣ್ಣ ತರಗತಿ, ಮಕ್ಕಳ ಮುಖ ನೋಡಿ ಪಾಠ ಹೇಳುವ ಒಬ್ಬ ಟೀಚರು. ಹೋಗಿ ಕೇಳಿದೆ. "ಜೂನ್‌ದಾಗ ಕರಕೊಂಡ್ ಬರ್ರಿ. ಕಿವಿಗೆ ಮಷಿನ್ ಹಾಕ್ಕೊಂಡು ಪಾಠ ಕೇಳೂವಷ್ಟು ರೂಢಿ ಆಗಿದ್ರ ಸಾಕು, ಸೇರಿಸ್ಕೋತೀವಿ" ಎಂದರು. ಜೂನ್ ಒಳಗೆ ಅವಳು ಕೇಳುವುದನ್ನು ಕಲಿತರೆ ಶಾಲೆ, ಇಲ್ಲವಾದರೆ ಕಲ್ಲು.

ಕಲಬುರಗಿಯ ದೊಡ್ಡ ಆಸ್ಪತ್ರೆಗೆ ರೈಲಿನಲ್ಲಿ ಎಷ್ಟು ಸಲ ಹೋಗಿ ಬಂದೆವೋ. ಮೊದಲು ಕಿವಿ ಒಣಗಬೇಕು. ಎಣ್ಣೆ ಬೇಡ, ನೀರು ಬೇಡ, ಹನಿ ಔಷಧಿ. ಆಮೇಲೆ ತೂತು ಮುಚ್ಚಲು ಆಪರೇಷನ್, ಅಷ್ಟಕ್ಕೂ ಕೇಳಿಸದಿದ್ದರೆ ಕಿವಿಗೆ ಹಾಕುವ ಯಂತ್ರ. ತಂದೆಗೆ ಯಂತ್ರದ ವಿಷಯ ಹೇಳಿದಾಗ ಅವನು, "ಮಷಿನ್ನಾ? ನಮ್ ಸುತ್ತ ಇರೂವು ಸಾಲಲ್ಲೇನ್ರಿ?" ಎಂದ. ನನಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ನಕ್ಕ ಮೇಲೆ ಒಪ್ಪದೆ ಏನು ಮಾಡುತ್ತಾನೆ.

ಹೋಳಿಯ ನಂತರ ಯಂತ್ರ ಬಂತು. ಆಸ್ಪತ್ರೆಯ ಮುಚ್ಚಿದ ಕೋಣೆಯಲ್ಲಿ ಅದನ್ನು ಕಿವಿಗೆ ಇಟ್ಟಾಗ ಅವಳು ಮೊದಲು ನೋಡಿದ್ದು ತನ್ನ ಬಳೆಗಳನ್ನು. ಕೈ ಅಲ್ಲಾಡಿಸಿದಳು, ನಿಲ್ಲಿಸಿದಳು, ಮತ್ತೆ ಅಲ್ಲಾಡಿಸಿದಳು. ಬಳೆಗಳಿಗೆ ಬಾಯಿ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗೆದ್ದೆವು ಎಂದು ನಾನು ಬೀಗುತ್ತಲೇ ರೈಲು ಹತ್ತಿದೆ.

ವಾರ ಕಳೆದು ಅಂಗಳಕ್ಕೆ ಹೋದರೆ ಕಿವಿಯ ಯಂತ್ರ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿತ್ತು. ನಾನು ರೇಗಿದೆ. ಇಷ್ಟೆಲ್ಲ ಓಡಾಡಿದ್ದು ಹಿಟ್ಟಿನ ಡಬ್ಬಿಗೆ ಕಿವಿ ಬರಿಸಲಿಕ್ಕೇನು ಎಂದೆ. ತಾಯಿ ತಲೆ ತಗ್ಗಿಸಿ ನಿಂತಳು. ಹುಡುಗಿಯೇ ಮುಂದೆ ಬಂದು, ತನ್ನ ಆ ಒಡ್ಡೊಡ್ಡು ದನಿಯಲ್ಲಿ, ಕಟಿಂಗ್ ಯಂತ್ರದ ಕಡೆ ಬೆರಳು ಮಾಡಿ ಕೇಳಿದಳು: "ಇಷ್ಟ್ ದಿನ ನೀವೆಲ್ಲಾ ಇದನ್ನ ಹ್ಯಾಂಗ್ ತಡಕೊಂಡ್ರಿ?"

ದಿನಾ ಸ್ವಲ್ಪ ಸ್ವಲ್ಪ ಹೊತ್ತು, ಸದ್ದಿಲ್ಲದ ಜಾಗದಲ್ಲಿ ಕೂತು ರೂಢಿ ಮಾಡಿಕೊಳ್ಳಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಸದ್ದಿಲ್ಲದ ಜಾಗ ಎಂದರೆ ಎಲ್ಲಿ? ಫರಸಿ ಅಂಗಳದಲ್ಲಿ ಬೆಳಕಿರುವ ತನಕ ಕಟಿಂಗ್ ಯಂತ್ರ. ಶಾಲೆಯಲ್ಲಿ ಮಕ್ಕಳು. ಪೇಟೆಯಲ್ಲಿ ಕಲ್ಲಿನ ಲಾರಿ. ಶಹಾಬಾದಿನಲ್ಲಿ ಹಾಳು ಸುರಿಯುವಷ್ಟು ನಿಶ್ಶಬ್ದವಾದ ಮನೆ ಒಂದೇ ಇತ್ತು, ಅದರ ಬೀಗದ ಕೈ ನನ್ನ ಪರ್ಸಿನಲ್ಲಿತ್ತು.

ಹೀಗೆ ಅವಳು ಸಂಜೆ ಸಂಜೆ ನನ್ನ ಮನೆಗೆ ಬರತೊಡಗಿದಳು. ಬಂದು ಹೊಸ್ತಿಲ ಮೇಲೆ ಕೂತು ಯಂತ್ರ ಹಾಕಿಕೊಳ್ಳುವಳು, ಕಣ್ಣು ಮುಚ್ಚುವಳು. ಏನೋ ಒಂದು ಕೇಳಿಸಿದರೆ ಕಣ್ಣು ತೆರೆದು ಕೈ ತಿರುವಿ ಕೇಳುವಳು: ಏನಿದು? ಬೆಳವನ ಹಕ್ಕಿ. ಇದು? ಹಲ್ಲಿ. ಇದು? ಗಾಳಿಗೆ ಕ್ಯಾಲೆಂಡರ್. ಕುಕ್ಕರ್ ಸೀಟಿ ಹೊಡೆದ ದಿನ ಅವಳು ಅಂಗಳಕ್ಕೆ ಹಾರಿದ್ದಳು, ನಕ್ಕೂ ನಕ್ಕೂ ನನಗೆ ಹೊಟ್ಟೆನೋವು ಬಂತು. ಆ ಮನೆಯ ಗೋಡೆಗಳು ನನ್ನ ನಗು ಕೇಳಿದ್ದು ಅದೇ ಮೊದಲಿರಬೇಕು. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಂಗಳದ ನಳ. ಅದರ ವಾಶರ್ ಹೋಗಿ ಬಕೆಟ್ಟಿಗೆ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ರಿಪೇರಿ ಮಾಡಿಸುತ್ತೇನೆ ಎಂದರೆ, "ಬ್ಯಾಡ್ರಿ, ಅದು ಇರಲಿ" ಎನ್ನುತ್ತಿದ್ದಳು.

ನನ್ನ ಮನೆಯಲ್ಲಿ ಇಷ್ಟೊಂದು ಸದ್ದುಗಳಿವೆ ಎಂದು ನನಗೇ ಗೊತ್ತಿರಲಿಲ್ಲ. ಒಂದು ಸಂಜೆ ಅವಳು ಚಹಾ ಕುಡಿಯುತ್ತಾ ಅಡುಗೆಮನೆಯತ್ತ ನೋಡಿ ಕೇಳಿದಳು, "ನೀವು ಒಳಗ ಯಾರ್ ಜೋಡಿ ಮಾತಾಡ್ಲಿಕತ್ತಿದ್ರಿ?"

"ಯಾರ ಜೋಡೀನೂ ಇಲ್ಲ" ಎಂದೆ.

"ದಿನಾ ಮಾತಾಡ್ತೀರಿ. ಹಾಲು ಉಕ್ಕಬ್ಯಾಡ ಅಂತೀರಿ. ಲೋಟಕ್ಕ ಬೈತೀರಿ."

ನನಗೆ ಮುಖಕ್ಕೆ ರಕ್ತ ಏರಿತು. ನಾನು ಒಬ್ಬಳೇ ಮಾತಾಡುತ್ತೇನೆ ಎಂದು ಆ ತನಕ ಒಬ್ಬರೂ ಹೇಳಿರಲಿಲ್ಲ. ಹೇಳುವವರು ಇದ್ದರೆ ತಾನೇ? ಹೊಸದಾಗಿ ಕಿವಿ ಬಂದ ಹುಡುಗಿಯೇ ಬೇಕಾಯಿತು ಅದನ್ನು ಕೇಳಿಸಿಕೊಳ್ಳಲು. ಆ ದಿನ ಅವಳು ಹೋದ ಮೇಲೆ ಬಾಯಿ ಬಿಗಿದುಕೊಂಡು ಅಡುಗೆ ಮಾಡಿದೆ. ಬಹಳ ದುಃಖವಾಯಿತು.

ಮೇ ತಿಂಗಳ ಹೊತ್ತಿಗೆ ಅವಳು ನಾನು ಬೆನ್ನು ಮಾಡಿ ಹೇಳಿದ್ದನ್ನೂ ಹಿಡಿಯುತ್ತಿದ್ದಳು. ಒಂದು ಐತಾರ, ಫರಸಿ ಅಂಗಳಕ್ಕೆ ರಜೆ, ಅವ್ವನನ್ನು ಎಳೆದುಕೊಂಡೇ ಬಂದಳು. ತಾನು ಕಲಿತದ್ದನ್ನು ತೋರಿಸಬೇಕಿತ್ತು. ತಾಯಿ ಒಳ್ಳೆಯ ಸೀರೆ ಉಟ್ಟು, ಗೋಡೆಗೆ ಒರಗದೆ ಸೆಟೆದು ಕೂತಳು. ಹುಡುಗಿ ತುಟಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿ ಅಂಗಳದ ಕಡೆ ಕಿವಿ ಮಾಡಿದಳು.

"ಅವ್ವಾ, ಕೇಳ್ತದಿಲ್ಲ? ನಳ."

ಮಗಳ ಬಾಯಿ ಮುಚ್ಚಿದ್ದೇ ತಡ, ತಾಯಿ ನಕ್ಕು ತಲೆಯಾಡಿಸಿದಳು.

ಹುಡುಗಿಯ ಮುಖ ಇಳಿಯಿತು. ಅದೇ ತಲೆಯಾಡಿಸುವಿಕೆಯಲ್ಲಿ ಏಳು ವರ್ಷ ಶಾಲೆ ದಾಟಿದವಳು ಅವಳು, ಅವಳಿಗೆ ಯಾರು ಮೋಸ ಮಾಡಲಾದೀತು? ಎದ್ದು ತಾಯಿಯ ಹಿಂದೆ ಹೋಗಿ ನಿಂತಳು. ನಾನು ಮಾಡುವಂತೆಯೇ, ಮೆಲ್ಲಗೆ, "ರೊಟ್ಟಿ" ಎಂದಳು. ತಾಯಿ ನನ್ನ ಕಡೆ ನೋಡಿ ನಗುತ್ತಲೇ ಇದ್ದಳು. "ಅವ್ವಾ" ಎಂದಳು. ಜೋರಾಗಿ ಇನ್ನೊಮ್ಮೆ "ಅವ್ವಾ" ಎಂದಳು. ಆ ಮಾತು ನನ್ನ ಮನೆಯ ಗೋಡೆಗೆ ಬಡಿದು ಹಾಗೇ ಬಿತ್ತು. ಇಪ್ಪತ್ತು ವರ್ಷ ಕಟಿಂಗ್ ಯಂತ್ರದ ಮಗ್ಗುಲಲ್ಲಿ ನಿಂತವಳ ಕಿವಿ ಯಾವಾಗಲೋ ಸವೆದು ಹೋಗಿತ್ತು. ಅವಳು ಮೊದಲ ದಿನ ನನ್ನ ಬಾಯಿಯನ್ನೇ ದಿಟ್ಟಿಸಿದ್ದು ಯಾಕೆಂದು ನನಗೆ ಈಗ ಅರ್ಥವಾಯಿತು.

ಮರುದಿನ ಹುಡುಗಿ ತಾನು ಚಿತ್ತಾಪುರಕ್ಕೆ ಹೋಗುವುದಿಲ್ಲ ಎಂದಳು. "ಕಲ್ಲು ಕೆಡವೂ ಮುಂದ ಒದರ್ತಾರ. ಅವ್ವಗ ಕೇಳಂಗಿಲ್ಲ. ನಾ ಹೋದ್ರ ಅಕಿ ಹಿಂದ ಯಾರ್ ನಿಂದ್ರತಾರ?" ನಾನು ಏನೇನೋ ಹೇಳಿದೆ. ಬುದ್ಧಿಮಾತು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ, ಅದಕ್ಕೇನು ಬರವಿಲ್ಲ. ಅವಳು ಯಂತ್ರವನ್ನು ತೆಗೆದು ಕೈಯಲ್ಲಿ ಹಿಡಿದು, ನನ್ನ ಬಾಯಿ ಸುಮ್ಮನೆ ಆಡುವುದನ್ನು ನೋಡುತ್ತಾ ಕೂತಳು. ಕೇಳದಿರುವುದು ಈಗ ಅವಳ ಕೈಯಲ್ಲಿತ್ತು.

ಅವಳನ್ನು ಒಪ್ಪಿಸಿದ್ದು ತಾಯಿ. ನಾನು ಹೋದಾಗ ಅಂಗಳದಲ್ಲಿ ಅದೇ ಜಗಳ ನಡೆದಿತ್ತು, ಪೂರ್ತಿ ಇಶಾರೆಯಲ್ಲಿ; ನಾಲ್ಕು ಕೈಗಳು ಗಾಳಿಯನ್ನು ಕೊಯ್ಯುತ್ತಿದ್ದವು. ಕೊನೆಗೆ ತಾಯಿ ಬಾಯಿ ಬಿಟ್ಟೇ ಹೇಳಿದಳು, ನನಗೂ ತಿಳಿಯಲಿ ಎಂದಿರಬೇಕು: "ಇಲ್ಲಿ ಯಾರಿಗಿ ಕೇಳ್ತದ? ನಿಮ್ಮಪ್ಪಗ ಕೇಳ್ತದೇನು? ಎಲ್ಲಾರೂ ನನ್ನಂಗೇ ಅದಾರ. ಅದಕ್ಕೇ ಕೈ ಅವ. ನಿನಗ ಕಿವಿ ಬಂದದ, ಕಿವಿ ಇದ್ದವರ ಕಡಿ ಹೋಗು."

ನಮ್ಮ ತಂಡ ಹದಿನೆಂಟು ದಾಟಿದವರನ್ನು ನೋಡುವುದಿಲ್ಲ. ತಾಯಿಯನ್ನೂ ಕಲಬುರಗಿಗೆ ಕರೆದೊಯ್ಯುತ್ತೇನೆ ಎಂದೆ. "ಈ ಮಷಿನ್ ನಡುವ ಆ ಮಷಿನ್ ಹಾಕ್ಕೊಂಡ್ ನಾ ಏನ್ ಕೇಳ್ಲಿರಿ?" ಎಂದಳು.

ಜೂನ್‌ನಲ್ಲಿ ಶಹಾಬಾದ್ ಸ್ಟೇಷನ್ನಿನಿಂದ ಹುಡುಗಿ ತಂದೆಯ ಜೊತೆ ಹೊರಟಳು. ವಾಡಿಯಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು. ನಾನೂ ತಾಯಿಯೂ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ರೈಲು ಅಲುಗಿದಾಗ ಹುಡುಗಿ ಕಿಟಕಿಯಿಂದ ಏನೋ ಕೂಗಿದಳು. ಪಕ್ಕದ ಹಳಿಯಲ್ಲಿ ಗೂಡ್ಸ್ ಗಾಡಿ ಹೋಗುತ್ತಿತ್ತು, ಎರಡೂ ಕಿವಿ ಗಟ್ಟಿ ಇರುವ ನನಗೂ ಕೇಳಲಿಲ್ಲ. ತಾಯಿ ಕೈ ಎತ್ತಿ ತನ್ನ ನೆತ್ತಿಯನ್ನು ತಟ್ಟಿಕೊಂಡಳು. ರೈಲು ಕಣ್ಮರೆಯಾಗುವ ತನಕ ತಟ್ಟಿಕೊಳ್ಳುತ್ತಲೇ ಇದ್ದಳು.

ಆಮೇಲೆ ಮನೆ ಮತ್ತೆ ಮೊದಲಿನಂತಾಯಿತು. ಮೊದಲಿಗಿಂತ ಕೆಟ್ಟದಾಯಿತು ಎನ್ನಬೇಕು, ಯಾಕೆಂದರೆ ಈಗ ಪ್ರತಿಯೊಂದು ಸದ್ದಿಗೂ ಅವಳು ಕೈ ತಿರುವಿ ಕೇಳುತ್ತಿದ್ದದ್ದು ನೆನಪಾಗುತ್ತಿತ್ತು. ಸಂಜೆ ಹೊಸ್ತಿಲು ಬರಿದು. ಲೋಟ ಇಟ್ಟಲ್ಲೇ. ನಾನು ಮಾತಾಡಿದರೆ, ಮಾತಾಡುತ್ತಿದ್ದೇನೆ ಎಂದು ನನಗೇ ಕೇಳಿಸುತ್ತಿತ್ತು.

ಒಂದು ಐತಾರ ಬಾಗಿಲಲ್ಲಿ ನೆರಳು ಬಿತ್ತು. ಹುಡುಗಿಯ ತಾಯಿ, ಅದೇ ಒಳ್ಳೆಯ ಸೀರೆಯಲ್ಲಿ. "ಬರ್ರಿ, ಕುಂದ್ರಿ" ಎಂದೆ. ಅವಳು ಅದು ಕೇಳಿಸದೆಯೇ ಬಂದು, ಮಗಳು ಕೂರುತ್ತಿದ್ದ ಹೊಸ್ತಿಲ ಮೇಲೇ ಕೂತಳು. ಅದು ಮಗಳ ಜಾಗವೆಂದು ಅವಳಿಗೆ ಯಾರು ಹೇಳಿದ್ದರೋ. ನಾನು ಹೆಬ್ಬೆರಳನ್ನು ತುಟಿಗೆ ತಾಗಿಸಿ ಚಹಾ ಬೇಕೇ ಎಂದು ಕೇಳಿದೆ. ಅವಳು ನಕ್ಕಳು, ಈ ಸಲ ನಿಜವಾದ ನಗು. ಚಹಾ ಕುಡಿದು, ಬಹಳ ಹೊತ್ತು ಅಂಗಳದ ನಳವನ್ನು ನೋಡುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ.

"ಅಕಿ ಫೋನಿನ್ಯಾಗ ಬರದು ಅದನ್ನೇ ಕೇಳ್ತಾಳಂತ್ರಿ, ಅವರಪ್ಪಗ" ಎಂದಳು. "ಸಿಸ್ಟರ್ ನಳ ರಿಪೇರಿ ಮಾಡಿಸ್ಯಾರೇನು ಅಂತ. ಹ್ಯಾಂಗ್ ಇರ್ತದ್ರಿ ಅದರ ಸಪ್ಪಳ?"

ಹೇಗೆಂದು ಹೇಳುವುದು? ನಾನು ಅವಳ ಕೈ ಎಳೆದುಕೊಂಡೆ. ನಾಡಿ ಹಿಡಿಯುವುದಕ್ಕಲ್ಲದೆ ಇನ್ನೊಬ್ಬರ ಕೈ ಹಿಡಿದು ಎಷ್ಟು ವರ್ಷವಾಗಿತ್ತೋ ನನಗೆ ನೆನಪಿಲ್ಲ. ಕಲ್ಲು ಹೊತ್ತು ಹೊತ್ತು ಆ ಅಂಗೈ ಫರಸಿಯಂತೆಯೇ ಗಟ್ಟಿಯಾಗಿತ್ತು. ನಳದ ಬಾಯಿಯಲ್ಲಿ ನೀರು ದುಂಡಗಾಗಿ, ತುಂಬಿ, ಬಕೆಟ್ಟಿಗೆ ಬಿತ್ತು. ಬಿದ್ದಾಗ ನಾನು ಅವಳ ಅಂಗೈಯ ನಡುವೆ ಬೆರಳಿನಿಂದ ಮೆತ್ತಗೆ ತಟ್ಟಿದೆ. ಇನ್ನೊಂದು ತೊಟ್ಟು ಬಿತ್ತು, ಇನ್ನೊಮ್ಮೆ ತಟ್ಟಿದೆ. ಅವಳು ನೀರನ್ನೊಮ್ಮೆ, ಅಂಗೈಯನ್ನೊಮ್ಮೆ ನೋಡುತ್ತಾ ಕೂತಿದ್ದಳು.

"ಹಿಂಗ?" ಎಂದಳು.

"ಹಿಂಗ" ಎಂದೆ.

"ಭಾಳ ಸಣ್ಣದದರಿ" ಎಂದಳು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.